ಎಣ್ಣೆ ಬಣ್ಣದಲ್ಲಿ ಒಂದು ತಾಮ್ರದ ಲೋಟ



"ಚಿತ್ರಕಲೆ ನಮಗಲ್ಲ" ಎಂದು ಮಕ್ಕಳನ್ನು ಡ್ರಾಯಿಂಗ್ ತರಗತಿಯಿಂದ ದೂರವಿಡುವ ಪೋಷಕರು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಅಂಜಿಕೆ ಜೀವಿಗಳ ಚಿತ್ರದ ಬಗ್ಗೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬನಿಗೆ ಹಜ್ರತ್ ಇಬ್ನ್ ಅಬ್ಬಾಸ್ (ರ.ಅ.) ಅವರು ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯಲು ಹೇಳಿದರೆಂದು ಸಹೀಹ್ ಬುಖಾರಿಯಲ್ಲಿದೆ. ಹಣ್ಣು, ಹೂಜಿ, ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ ಬರೆಯುವ ವಸ್ತುಚಿತ್ರ, ಅಂದರೆ ಸ್ಟಿಲ್ ಲೈಫ್, ಈ ಮಿತಿಯೊಳಗೇ ಬರುತ್ತದಲ್ಲವೇ?

ಹೂವುಗಳ ಚಿತ್ರಣವಂತೂ ನಮಗೆ ಹೊಸದಲ್ಲ. 1620ರ ಕಾಶ್ಮೀರ ಪ್ರವಾಸದಲ್ಲಿ ಉಸ್ತಾದ್ ಮನ್ಸೂರ್ ನೂರಕ್ಕೂ ಹೆಚ್ಚು ಹೂಗಳನ್ನು ಚಿತ್ರಿಸಿದ್ದಾಗಿ ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. 1784ರಲ್ಲಿ ಕಟ್ಟಿದ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರೆಲ್ಲ ಪೊಳ್ಳಿಲೂರು ಯುದ್ಧದ ಚಿತ್ರದೆದುರು ನಿಲ್ಲುತ್ತಾರೆ. ಒಳಗಿನ ಗೋಡೆ, ಛಾವಣಿಗಳ ಹೂಬಳ್ಳಿಗಳನ್ನು ನೋಡುವವರು ಕಡಿಮೆ.

ಇವು ಯಾವುವೂ ಎಣ್ಣೆ ಬಣ್ಣದವಲ್ಲ. ಎಣ್ಣೆ ಬಣ್ಣ ಮೈಸೂರು ಸೀಮೆಗೆ ಬಂದ ದಾರಿ ಕಹಿಯಾದದ್ದು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರ, 1792ರಲ್ಲಿ ಟಿಪ್ಪು ಸುಲ್ತಾನರ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ದೃಶ್ಯವನ್ನು ಎಣ್ಣೆ ಬಣ್ಣದಲ್ಲೇ ಬರೆದ.

ಆಮೇಲೂ ಬಹುಕಾಲ ಈ ವಿದ್ಯೆ ಸುಲಭವಾಗಿ ಸಿಗಲಿಲ್ಲ. 1868ರಲ್ಲಿ ತಿರುವಾಂಕೂರು ಅರಮನೆಗೆ ಬಂದ ಥಿಯೋಡೋರ್ ಜೆನ್ಸನ್, ಯುವಕ ರವಿವರ್ಮನಿಗೆ ಪಾಠ ಹೇಳಲೊಪ್ಪದೆ, ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ. ನೋಡಿಯೇ ಕಲಿತ ಅದೇ ರವಿವರ್ಮ ಮುಂದೆ ಮೈಸೂರು ಅರಮನೆಗೂ ಚಿತ್ರಗಳನ್ನು ಬರೆದುಕೊಟ್ಟರು. ಅವರು ತೀರಿಕೊಂಡ 1906ರಲ್ಲೇ ನಮ್ಮೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಉಡುಪಿ ಕಡೆಯ ಬಡ ಹುಡುಗ ಕೆ.ಕೆ. ಹೆಬ್ಬಾರ್ ಮುಂಬಯಿಗೆ ಹೋಗುವ ಮೊದಲು ಕಲಿತದ್ದು ಇಲ್ಲಿಯೇ. ಕದ್ದು ನೋಡಿ ಕಲಿಯಬೇಕಿದ್ದ ವಿದ್ಯೆಗೆ ಶಾಲೆಯ ಬಾಗಿಲು ತೆರೆದದ್ದು ಹೀಗೆ. ಇಂದು 'ಕಾವಾ' ಎಂದು ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಅದೇ ಪರಂಪರೆಯದು.

ಇನ್ನು ಕೆಲಸದ ಮಾತು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಎಣ್ಣೆ ಬಣ್ಣ. ಅದು ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಮೊದಲ ಪದರಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, ಮೇಲಿನ ಪದರಗಳಲ್ಲಿ ಎಣ್ಣೆ ಹೆಚ್ಚಿಸಬೇಕು. ತಿರುಗುಮುರುಗಾದರೆ ಚಿತ್ರ ಬಿರುಕು ಬಿಡುತ್ತದೆ. (ಜಗನ್ಮೋಹನ ಅರಮನೆಯ ಹಲ್ದಣ್‌ಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಅನೇಕರು ಎಣ್ಣೆ ಬಣ್ಣದ್ದೆಂದೇ ತಿಳಿದಿದ್ದಾರೆ, ಅದು ಜಲವರ್ಣ!)

ವುಝೂ ಮಾಡುವ ಹಳೆಯ ತಾಮ್ರದ ಲೋಟವೊಂದನ್ನು ಕಿಟಕಿಯ ಬಳಿ ಇಡಿ. ಪಕ್ಕದಲ್ಲಿ ಎರಡು ಈರನಗೆರೆ ಬದನೆಕಾಯಿ ಸಾಕು. ಬೆಳಕು ಒಂದೇ ಕಡೆಯಿಂದ ಬರಲಿ. ಲೋಟದ ನೆರಳಿಗೆ ಕಪ್ಪು ಬಳಿಯಬೇಡಿ. ತಾಮ್ರದ ಕಿತ್ತಳೆಗೆ ತುಸು ನೀಲಿ ಬೆರೆಸಿದರೆ ನೆರಳಿಗೆ ಆಳ ಬರುತ್ತದೆ. ನೆರಳು ತೆಳುವಾಗಿರಲಿ, ಬೆಳಕು ಬಿದ್ದಲ್ಲಿ ಬಣ್ಣ ದಪ್ಪವಾಗಿರಲಿ. 1886ರಲ್ಲಿ ವ್ಯಾನ್ ಗೋ ಬರೆದದ್ದು ಸವೆದ ಒಂದು ಜೊತೆ ಬೂಟುಗಳನ್ನು, ಅಷ್ಟೇ. ನೋಡಿದವರಿಗೆ ಅವನ್ನು ತೊಟ್ಟವನ ದಣಿವು ಕಾಣುತ್ತದೆ. ಲೋಟದ ಬಾಯಿ ನಗ್ಗಿದ್ದರೆ ಅದನ್ನು ತಿದ್ದಿ ದುಂಡಗೆ ಬರೆಯಬೇಡಿ. ಎಷ್ಟು ಕೈಗಳು ಅದನ್ನು ಹಿಡಿದಿವೆಯೋ, ಅದು ಆ ನಗ್ಗಿನಲ್ಲೇ ಇದೆ.