ಮತಪೆಟ್ಟಿಗೆ ಬಂತು, ಶಾಲೆ ಎಲ್ಲಿ?

1951-52ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದಾಗ ಮತದಾರರ ಸಂಖ್ಯೆ ಸುಮಾರು 17 ಕೋಟಿ. 1951ರ ಜನಗಣತಿಯ ಪ್ರಕಾರ ಓದು ಬರಹ ಬಲ್ಲವರು ನೂರಕ್ಕೆ 18 ಮಂದಿ ಮಾತ್ರ. ಹಾಗಾಗಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಲಾಯಿತು. ಅಕ್ಷರ ಬಾರದ ನಮ್ಮ ಹಿರಿಯರು ವಿವೇಕದಿಂದಲೇ ಮತ ಹಾಕಿದರು. ಆದರೆ ಮತ ಹಾಕಲು ಚಿಹ್ನೆ ಸಾಕು. ಗೆದ್ದವರಿಂದ ಲೆಕ್ಕ ಕೇಳಲು ಅಕ್ಷರ ಬೇಕು.

ಈ ಸತ್ಯ ಬ್ರಿಟಿಷರ ಕಾಲದಲ್ಲೇ ಕೆಲವರಿಗೆ ಹೊಳೆದಿತ್ತು. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕೇಂದ್ರ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಅವರು ಕೇಳಿದ್ದು ತೀರಾ ಕಡಿಮೆ: ಆರರಿಂದ ಹತ್ತು ವರ್ಷದ ಹುಡುಗರಿಗೆ, ಅದೂ ಸ್ಥಳೀಯ ಸಂಸ್ಥೆಗಳು ಇಚ್ಛಿಸಿದ ಕಡೆ, ಕಡ್ಡಾಯ ಶಿಕ್ಷಣ. ಜಿನ್ನಾ ಅದನ್ನು ಬೆಂಬಲಿಸಿದರು. ಹಣವಿಲ್ಲ, ಜನರ ಬೇಡಿಕೆಯೂ ಇಲ್ಲ ಎಂದಿತು ಸರಕಾರ. 1912ರ ಮಾರ್ಚ್‌ನಲ್ಲಿ ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಬಡೋದೆಯ ಸಂಸ್ಥಾನ 1906ರಲ್ಲೇ ಕಡ್ಡಾಯ ಶಿಕ್ಷಣ ತಂದಿತ್ತು. ನಮ್ಮ ಮೈಸೂರು 1913ರಲ್ಲಿ ಅದಕ್ಕಾಗಿ ಕಾನೂನು ಮಾಡಿತು. ಕೊರತೆ ಇದ್ದುದು ಹಣಕ್ಕೋ, ಮನಸ್ಸಿಗೋ?

ಸ್ವಾತಂತ್ರ್ಯದ ನಂತರವಾದರೂ ಏನಾಯಿತು? ಉಚಿತ ಪ್ರಾಥಮಿಕ ಶಿಕ್ಷಣ ಪ್ರತಿಯೊಬ್ಬ ಪ್ರಜೆಯ ಹಕ್ಕು ಎಂಬ ಮಾತು ಸಂವಿಧಾನದ ಕರಡಿನಲ್ಲಿತ್ತು. 1948ರ ನವೆಂಬರ್ 23ರಂದು ಸಂವಿಧಾನ ಸಭೆ ಆ ಮಾತನ್ನು ಕೈಬಿಟ್ಟಿತು. ಉಳಿದದ್ದು ಹತ್ತು ವರ್ಷಗಳೊಳಗೆ ಸರಕಾರ ಪ್ರಯತ್ನಿಸಬೇಕೆಂಬ ನಿರ್ದೇಶನ. ಅದೇ ದಿನ ನಜೀರುದ್ದೀನ್ ಅಹ್ಮದ್ ಈ ಹೊಣೆಯನ್ನು ಪ್ರಾಥಮಿಕ ಶಿಕ್ಷಣಕ್ಕಷ್ಟೇ ಸೀಮಿತಗೊಳಿಸಲು ಸೂಚಿಸಿದರು. ಅಂಬೇಡ್ಕರ್ ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ಕಾರ್ಖಾನೆಯ ದುಡಿಮೆಗೆ ಹಚ್ಚಬಾರದೆಂದು ನಾವೇ ಹೇಳಿದ ಮೇಲೆ, ಆ ವಯಸ್ಸಿನವರೆಗೆ ಅದು ಶಾಲೆಯಲ್ಲೇ ಇರಬೇಕು ಎಂಬುದು ಅವರ ವಾದ. ಹದಿನಾಲ್ಕು ಎಂಬ ವಯಸ್ಸು ಉಳಿಯಿತು, ಹಕ್ಕು ಉಳಿಯಲಿಲ್ಲ.

ಹತ್ತು ವರ್ಷದ ಗಡುವು 1960ರಲ್ಲಿ ಮುಗಿಯಿತು. ಯಾರೂ ಉತ್ತರ ಕೊಡಬೇಕಾಗಲಿಲ್ಲ, ಏಕೆಂದರೆ ನಿರ್ದೇಶನವನ್ನು ಹಿಡಿದು ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಮುಂದೆ 1992ರಲ್ಲಿ, ಕರ್ನಾಟಕದ ವೈದ್ಯಕೀಯ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ಮೋಹಿನಿ ಜೈನ್ ಹೂಡಿದ ಮೊಕದ್ದಮೆಯಲ್ಲಿ, ಶಿಕ್ಷಣ ಹಕ್ಕೆಂದು ಸುಪ್ರೀಂ ಕೋರ್ಟು ಸಾರಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು ಹದಿನಾಲ್ಕು ವರ್ಷದವರೆಗೆ ಎಂದು ಖಚಿತಪಡಿಸಿತು. 2002ರ 86ನೇ ತಿದ್ದುಪಡಿ ಅದನ್ನು ಮೂಲಭೂತ ಹಕ್ಕಾಗಿಸಿತು. 2009ರ ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. 1948ರಲ್ಲಿ ಕೈಬಿಟ್ಟ ಮಾತು ಮರಳಿ ಬರಲು 54 ವರ್ಷ ಹಿಡಿಯಿತು. ಅಷ್ಟರಲ್ಲಿ ಎರಡು ತಲೆಮಾರುಗಳ ಬಾಲ್ಯ ಮುಗಿದುಹೋಗಿತ್ತು.

ಈ ವಿಳಂಬದ ಬೆಲೆ ತೆತ್ತವರು ಯಾರು? ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ಕನೇ ಒಂದು ಭಾಗ ಶಾಲೆಯ ಮುಖವನ್ನೇ ಕಂಡಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ವರದಿ ಹೇಳಿತು. ನಾವು ಸರಕಾರವನ್ನು ದೂರುವುದು ನ್ಯಾಯವೇ. ಆದರೆ ಮಗನನ್ನು ಗ್ಯಾರೇಜಿಗೆ, ಮಗಳನ್ನು ಬೀಡಿ ಸೂಪಿನ ಮುಂದೆ ಕೂರಿಸಿದ ಮನೆಗಳ ಬಾಗಿಲನ್ನು ನಾವೆಷ್ಟು ಸಲ ತಟ್ಟಿದ್ದೇವೆ? ಊರಿನ ಸರಕಾರಿ ಶಾಲೆಯ ಸಭೆಗೆ ಎಷ್ಟು ಬಾರಿ ಹೋಗಿದ್ದೇವೆ? ಎಲ್ಲ ಜಾತಿ ಧರ್ಮಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವ ತಾಣ ಅದು. ಆ ಬೆಂಚು ಖಾಲಿಯಾದರೆ ಮತಪೆಟ್ಟಿಗೆ ತುಂಬಿಯೂ ಪ್ರಯೋಜನವಿಲ್ಲ.