ಮನೆಯ ಹೊಸ ಮುಖ

ಕಳೆದ ವಾರ ಊರಿಂದ ತಮ್ಮ ಚಿತ್ರವೊಂದನ್ನು ಕಳಿಸಿದ. ಮಂಗಳೂರು ಬಳಿಯ ನಮ್ಮ ಹಂಚಿನ ಮನೆಗೆ ಹೊಸ ‘ಫ್ರಂಟ್ ಎಲಿವೇಶನ್’: ಗಾಜು, ಗ್ರಾನೈಟ್, ಮೇಲೆ ತಾರಸಿ. ಜಗಲಿ ಮಾಯ. ಮುಂಬಯಿಯ ಫ್ಲ್ಯಾಟಿನಲ್ಲಿ ಕೂತು, “ಹಳೆಯದನ್ನು ಮುಟ್ಟಬೇಡ ಮಾರಾಯ” ಎಂದೆ.

“ಮಳೆಗಾಲದಲ್ಲಿ ಸೋರುವ ಕಡೆಯೆಲ್ಲ ಬಕೆಟ್ ಇಡುವವನು ನಾನು ಅಣ್ಣಾ” ಎಂದ.

ಆಮೇಲೆ ಯೋಚಿಸಿದೆ. ನಾನು ಹಳೆಯದು ಎನ್ನುವ ಹಂಚೂ ಒಂದು ಕಾಲದ ಹೊಸ ಮುಖವೇ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಕೈಗೆಟಕುವಂತಿತ್ತು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹಂಚು ಬೆಂಕಿಗೆ ಹೆದರದು, ಮುಳಿಹುಲ್ಲಿನಂತೆ ಮತ್ತೆ ಮತ್ತೆ ಹೊದಿಸಬೇಕಾಗಿಯೂ ಇಲ್ಲ. ಹಡಗೇರಿ ಅದು ಈ ಮುಂಬಯಿಗೂ ಬಂತು, ನಮಗಿಂತ ಎಷ್ಟೋ ಮೊದಲು!

ನಮ್ಮ ಮುತ್ತಜ್ಜನೂ ಹುಲ್ಲು ಕಿತ್ತು ಹಂಚು ಹೊದಿಸಿದವರೇ. ಅಂದು ಯಾರಾದರೂ ದೂರದೂರಿಂದ ‘ಬೇಡ’ ಎಂದಿದ್ದರೆ ಕೇಳುತ್ತಿದ್ದರೇ? ಆದರೆ ಜಗಲಿಯನ್ನು ಮಾತ್ರ ಅವರು ಕೀಳಲಿಲ್ಲ.

ತಮ್ಮನಿಗೆ ಬರೆದೆ: ತಾರಸಿಯೇ ಆಗಲಿ, ನನ್ನ ಪಾಲಿನ ದುಡ್ಡು ಕಳಿಸುತ್ತೇನೆ. ಮುಂದೆ ಒಂದು ಜಗಲಿ ಇರಲಿ. ಮಳೆಗೆ ಓಡಿ ಬಂದವರಿಗೆ, ರಜೆಗೆ ಬರುವ ನನಗೆ.