ಕ್ವೇಸಾರ್‌ಗಳ ಎದುರು ಜಲಜನಕದ ರೇಡಿಯೋ ಹೀರಿಕೆ

ದೂರದ ಕ್ವೇಸಾರ್‌ನಿಂದ ಹೊರಟ ರೇಡಿಯೋ ಅಲೆ ದಾರಿಯಲ್ಲಿ ಯಾವುದಾದರೂ ಗೆಲಾಕ್ಸಿಯ ತಟಸ್ಥ ಜಲಜನಕವನ್ನು ಹಾಯ್ದರೆ, ಆ ಅನಿಲ 21 ಸೆಂಟಿಮೀಟರ್ ತರಂಗಾಂತರದಲ್ಲಿ, ಎಂದರೆ 1420.4 ಮೆಗಾಹರ್ಟ್ಸ್‌ನಲ್ಲಿ, ಒಂದಿಷ್ಟು ಶಕ್ತಿಯನ್ನು ಹೀರಿಕೊಳ್ಳುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಹೀರಿಕೆಯಿಂದಾದ ಈ ತಗ್ಗು ನಮ್ಮನ್ನು ತಲುಪುವಾಗ ಇನ್ನೂ ಕಡಿಮೆ ಆವರ್ತನಕ್ಕೆ ಜಾರಿರುತ್ತದೆ. ಎಷ್ಟು ಜಾರಿದೆ ಎಂಬುದರಿಂದ ಗೆಲಾಕ್ಸಿಯ ದೂರ ತಿಳಿಯುತ್ತದೆ. ಅನಿಲ ತಾನೇ ಸೂಸುವ ಅಲೆ ದೂರ ಹೆಚ್ಚಿದಂತೆ ಸೊರಗಿಹೋಗುತ್ತದೆ. ಹೀರಿಕೆಗೆ ಆ ತೊಡಕಿಲ್ಲ, ಹಿಂದಿನ ದೀಪ ಪ್ರಖರವಾಗಿದ್ದರೆ ಸಾಕು.

ಜಲಜನಕದ ಈ 21 ಸೆಂಟಿಮೀಟರ್ ರೇಖೆಯನ್ನು 1944ರಲ್ಲಿ ಊಹಿಸಿದವರು ಹಾಲೆಂಡಿನ ವಾನ್ ಡಿ ಹುಲ್ಸ್ಟ್. 1951ರಲ್ಲಿ ಹಾರ್ವರ್ಡ್‌ನ ಯೂವನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ ನಮ್ಮ ಆಕಾಶಗಂಗೆಯ ಹೀರಿಕೆ ರೇಖೆಗಳನ್ನು ಅಳೆದ ತಂಡದಲ್ಲಿದ್ದ ವಿ. ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಮರುವರ್ಷವೇ ಬ್ರೌನ್ ಮತ್ತು ರಾಬರ್ಟ್ಸ್, 3ಸಿ 286 ಕ್ವೇಸಾರ್‌ನ ಎದುರು 839 ಮೆಗಾಹರ್ಟ್ಸ್‌ನಲ್ಲಿ ಇಂಥ ತಗ್ಗನ್ನು ಕಂಡರು. ಆ ಅಲೆ ಅನಿಲವನ್ನು ದಾಟಿ ಸುಮಾರು 600 ಕೋಟಿ ವರ್ಷವಾಗಿತ್ತು.

ಇನ್ನೂ ಹಿಂದಿನ ಕಾಲವನ್ನು ನೋಡಲು ಮೀಟರ್ ಅಲೆಗಳ ದೂರದರ್ಶಕ ಬೇಕು. ಗೋವಿಂದ್ ಸ್ವರೂಪ್ ಅವರ ಮುಂದಾಳತ್ವದಲ್ಲಿ ಪುಣೆ ಜಿಲ್ಲೆಯ ಖೋಡದ ಬಳಿ ಎದ್ದ ಜಿಎಂಆರ್‌ಟಿಯಲ್ಲಿ 45 ಮೀಟರ್ ವ್ಯಾಸದ 30 ತಟ್ಟೆಗಳಿವೆ. ಅವುಗಳ 1000–1450 ಮೆಗಾಹರ್ಟ್ಸ್ ಪಟ್ಟಿಯ ಗ್ರಾಹಕಗಳನ್ನು ತಯಾರಿಸಿದ್ದು ರಾಮನ್ ಸಂಸ್ಥೆ.

ಕಾನೇಕರ್, ಚೆಂಗಲೂರ್ ಮೊದಲಾದವರು ಜಿಎಂಆರ್‌ಟಿಯಲ್ಲಿ ನಡೆಸಿದ ವೀಕ್ಷಣೆಗಳಿಂದ ಒಂದು ಕುತೂಹಲದ ಸಂಗತಿ ಹೊರಬಿತ್ತು. ಅನಿಲ ಧಾರಾಳವಾಗಿದ್ದ ಹಳೆಯ ಗೆಲಾಕ್ಸಿಗಳಲ್ಲೂ ತಗ್ಗು ಬಹಳ ಸಲ ತೀರಾ ಆಳವಿರಲಿಲ್ಲ, ಕೆಲವೆಡೆ ಸಿಗಲೇ ಇಲ್ಲ. ತಣ್ಣನೆಯ ಜಲಜನಕ ಚೆನ್ನಾಗಿ ಹೀರುತ್ತದೆ, ಬಿಸಿಯದು ಹೀರುವುದು ಕಡಿಮೆ. ಅನಿಲವನ್ನು ತಣಿಸುವ ಇಂಗಾಲ, ಆಮ್ಲಜನಕಗಳು ನಕ್ಷತ್ರಗಳ ಒಡಲಲ್ಲಿ ಹುಟ್ಟಬೇಕು. ಆಗಿನ್ನೂ ಅವು ವಿರಳ, ಹಾಗಾಗಿ ಅನಿಲ ಹೆಚ್ಚಾಗಿ ಬಿಸಿಯಾಗಿಯೇ ಇತ್ತು.

ಇದೇ ರೇಖೆಯ ಇನ್ನೊಂದು ಬೇಟೆಯಲ್ಲಿ ಕ್ವೇಸಾರ್‌ನ ಬದಲು ವಿಶ್ವದ ಹಿನ್ನೆಲೆ ವಿಕಿರಣವೇ ದೀಪ. ಮೊದಲ ನಕ್ಷತ್ರಗಳ ಕಾಲದ ಹೀರಿಕೆ ಸಿಕ್ಕಿತೆಂದು 2018ರಲ್ಲಿ ಅಮೆರಿಕದ ಎಡ್ಜಸ್ ತಂಡ ಸಾರಿತ್ತು. 2020ರಲ್ಲಿ ರಾಮನ್ ಸಂಸ್ಥೆಯವರು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ಸರಸ್-3 ಆಂಟೆನಾವನ್ನು ತೇಲಿಬಿಟ್ಟು ಅಳೆದರು: ನೆಲದ ಪದರಗಳ ಕಿರಿಕಿರಿ ನೀರಿನ ಮೇಲಿಲ್ಲ. ಆ ತಗ್ಗು ಅವರಿಗೆ ಕಾಣಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು.